ಅಜ್ಜನ ಗಿರಣಿಯ ಹಿಟ್ಟು ಮಾರುವವರ ಕೈಪಿಡಿ

ಅಭಿನಂದನೆಗಳು! ನೀವೀಗ ಒಂದು ಹಳೆಯ ಹಿಟ್ಟಿನ ಗಿರಣಿಯ ಒಡೆಯರು. ರೊಕ್ಕ ಕೊಟ್ಟು ಕೊಂಡದ್ದಲ್ಲ. ಅಣ್ಣತಮ್ಮಂದಿರ ಪಾಲಾಗುವಾಗ ಹೊಲ ಹಿರಿಯನಿಗೆ, ಮನೆ ಕಿರಿಯನಿಗೆ ಹೋಗಿ, ನಡುವಿನವರಾದ ನಿಮಗೆ ಇದು ಉಳಿಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಯಾವುದೋ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಮಾಡಿನಡಿ, ಒಳಗಿನ ಜೇಡರ ಬಲೆಯೂ ಬೆಳ್ಳಗಾಗಿರುವ ಕಟ್ಟಡ ಅದು. ಮನೆಮನೆಗೆ ಸಣ್ಣ ಚಕ್ಕಿ ಬಂದ ಮೇಲೆ ಗಿರಾಕಿ ಇಳಿದಿದೆ. ಕರೆಂಟು ಬಿಲ್ಲು ಮಾತ್ರ ಇಳಿದಿಲ್ಲ.

ಇಂಥ ಹೊತ್ತಿನಲ್ಲೇ ಬೆಂಗಳೂರಿನಿಂದ ಅಳಿಯ ಬರುತ್ತಾನೆ. ಬಂದವನು ಗಿರಣಿಯ ಮುಂದೆ ನಿಂತು ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದು, "ಮಾವಾ, ಇದನ್ನ ಹಿಂಗ್ಯಾಕ ಬಿಟ್ಟೀರಿ? ಕಲ್ಲಿನ ಹಿಟ್ಟಿಗೆ ಅಲ್ಲಿ ಎಷ್ಟ್ ಬೇಡಿಕಿ ಐತಿ ಗೊತ್ತೇನ್ರಿ? ಚೀಲಾ ಮಾಡಿ ಕಳಸ್ರಿ, ಉಳಿದದ್ದ ನಾ ನೋಡ್ಕೋತೇನಿ" ಅನ್ನುತ್ತಾನೆ. ಆ "ಉಳಿದದ್ದು" ಏನೆಂಬುದು ಅವನಿಗೂ ಗೊತ್ತಿಲ್ಲ. ಅದಕ್ಕಾಗಿಯೇ ಈ ಕೈಪಿಡಿ. ಯಂತ್ರ ಚಾಲೂ ಮಾಡುವ ಮೊದಲು ಪೂರ್ತಿ ಓದಿರಿ.

ಭಾಗ 1: ಪೆಟ್ಟಿಗೆಯಲ್ಲಿ ಏನೇನಿದೆ

ಕೆಳಗಿನ ಸಾಮಾನುಗಳು ಇವೆಯೇ ಎಂದು ತಾಳೆ ನೋಡಿಕೊಳ್ಳಿ.

ಬೀಸುವ ಕಲ್ಲು: ಒಂದು ಜೋಡಿ. ಮೋಟಾರು: ಒಂದು. ಮೂಲೆಯಲ್ಲಿ ಗೋಣಿ ಹೊದ್ದು ಕೂತ ಹಳೆಯ ಆಯಿಲ್ ಎಂಜಿನು: ಒಂದು. ಇದು ಈಗ ಓಡುವುದಿಲ್ಲ, ಆದರೆ ಗುಜರಿಗೆ ಹಾಕುವ ಮಾತೆತ್ತಿದರೆ ಮನೆಯ ಹಿರಿಯರು ಅವತ್ತು ಊಟ ಬಿಡುತ್ತಾರೆ. ಪಟ್ಟಾ: ಒಂದು, ಮೂರು ಕಡೆ ಹೊಲಿಗೆ ಹಾಕಿದ್ದು. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳು: ಒಂದು, ಹಿಂದೊಮ್ಮೆ ಯಾರದೋ ಲುಂಗಿಯಾಗಿದ್ದದ್ದು. ತಕ್ಕಡಿ: ಒಂದು. ಲಕ್ಷ್ಮೀ ಫೋಟೋ: ಒಂದು. ಬೆಕ್ಕು: ಒಂದು, ಕೆಲವೊಮ್ಮೆ ಐದು.

ಈ ಪೈಕಿ ಕಾನೂನಿನ ಪ್ರಕಾರ ಗಿರಣಿಯೊಳಗೆ ಇರಕೂಡದ್ದು ಬೆಕ್ಕು. "ಇಲಿ ಹಿಡೀಲಿಕ್ಕೆ ಇಟ್ಟೇವ್ರಿ" ಎಂಬ ಉತ್ತರವನ್ನು ಅಧಿಕಾರಿಗಳು ಈಗಾಗಲೇ ಕೇಳಿದ್ದಾರೆ. ಹೊರಗಿಡಬೇಕಾದ್ದು ಇಲಿಯನ್ನೂ ಹೌದು, ಬೆಕ್ಕನ್ನೂ ಹೌದು. ಅವೆರಡರ ನಡುವಿನ ವ್ಯವಹಾರ ಅಂಗಳದಲ್ಲಿ ನಡೆಯಲಿ.

ಭಾಗ 2: ಗಿರಣಿಯ ವಯಸ್ಸು ಹೇಳುವ ಮೊದಲು

ಚೀಲದ ಮೇಲೆ "ರಾಣಿ ಚೆನ್ನಮ್ಮನ ಕಾಲದ ಗಿರಣಿಯಿಂದ" ಎಂದು ಅಚ್ಚು ಹಾಕಿಸುವ ಆಸೆ ಬಂದೇ ಬರುತ್ತದೆ. ತಡೆದುಕೊಳ್ಳಿ. ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದದ್ದು 1824ರ ಅಕ್ಟೋಬರ್ 23ರಂದು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ರುಡಾಲ್ಫ್ ಡೀಸೆಲ್ ಎಂಬ ಮನುಷ್ಯ ಹುಟ್ಟಿದ್ದೇ 1858ರಲ್ಲಿ, ಅವನ ಎಂಜಿನು ನೆಟ್ಟಗೆ ಓಡಿದ್ದು 1897ರಲ್ಲಿ. ಚೆನ್ನಮ್ಮನ ಕಾಲದಲ್ಲಿ ಈ ಸೀಮೆಯ ಹಿಟ್ಟು ಬೀಸಿದ್ದು ಹೆಂಗಸರ ರಟ್ಟೆ, ನಸುಕಿನಲ್ಲಿ ಎದ್ದು. ಆ ರಟ್ಟೆಗಳ ದುಡಿಮೆಯನ್ನು ನಿಮ್ಮ ಮೋಟಾರಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಹೇಳಿಕೊಳ್ಳಲೇಬೇಕೆಂದರೆ ನಿಜವಾದ ಕಥೆಯೇ ಚೆನ್ನಾಗಿದೆ. ಗೋಣಿ ಸರಿಸಿ ಎಂಜಿನಿನ ಮೇಲಿನ ಹೆಸರು ಓದಿ. ಕಿರ್ಲೋಸ್ಕರ್ ಎಂದಿದ್ದರೆ ನಿಮ್ಮ ಅದೃಷ್ಟ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಇದೇ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ ಪುಣೆಯಲ್ಲಿ ಶುರುವಾದದ್ದು 1946ರಲ್ಲಿ. ಅಂದರೆ ಮಲಪ್ರಭೆಯ ದಂಡೆಯಿಂದ ಹೊರಟ ಹೆಸರು ಪುಣೆ ಸುತ್ತಿ, ಎಂಜಿನ್ನಾಗಿ ನಿಮ್ಮಜ್ಜನ ಗಿರಣಿಗೆ ಮರಳಿ ಬಂದಿದೆ. ಮೇಲೆ ಲಿಸ್ಟರ್ ಎಂದಿದ್ದರೆ ಅದರ ಬೇರು ಇಂಗ್ಲೆಂಡಿನ ಡರ್ಸ್ಲಿಯಲ್ಲಿ. ಹೊಸ ಬಣ್ಣದಡಿ ರಾಜಕೋಟ ಎಂದು ಕಂಡರೆ ಅದು ಲಿಸ್ಟರಿನ ನಕಲು. ಬೇಸರ ಬೇಡ, ನಕಲೂ ಚೆನ್ನಾಗಿಯೇ ಓಡಿದೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಮಾತು ಗೋಡೆಗೆ ಬರೆದಿಡಿ: ಗಿರಣಿ ಹಳೆಯದಾದರೆ ಹಿಟ್ಟು ಒಳ್ಳೆಯದಾಗುವುದಿಲ್ಲ. ಗಿರಣಿಯ ವಯಸ್ಸು ಹಿಟ್ಟಿನ ಗುಣವಲ್ಲ. ಕಾನೂನಿಗೂ ಇದು ಗೊತ್ತು. ಜಾಹೀರಾತು ಮತ್ತು ಹೇಳಿಕೆಗಳ ಮೇಲೆ 2018ರಲ್ಲಿ ಬಂದ ನಿಯಮಗಳು "ಶುದ್ಧ", "ತಾಜಾ", "ನೈಸರ್ಗಿಕ", "ಸಾಂಪ್ರದಾಯಿಕ" ಮುಂತಾದ ಮಾತುಗಳಿಗೆ ಷರತ್ತು ಹಾಕಿವೆ. ಸಾಂಪ್ರದಾಯಿಕ ಎನ್ನಬೇಕಾದರೆ ತಯಾರಿಸುವ ರೀತಿ ತಲೆಮಾರುಗಳಿಂದ ಬಂದಿರಬೇಕು, ಹೆಚ್ಚುಕಡಿಮೆ ಹಾಗೆಯೇ ಉಳಿದೂ ಇರಬೇಕು. ಹೋದ ವರ್ಷ ತಂದ ಸ್ಟೀಲಿನ ಪಲ್ವರೈಸರಿನಲ್ಲಿ ಬೀಸಿ, ಚೀಲದ ಮೇಲೆ ಮಾತ್ರ ಅಜ್ಜನ ಕಲ್ಲಿನ ಚಿತ್ರ ಹಾಕಿದರೆ ಅದು ಸಂಪ್ರದಾಯವಲ್ಲ, ಬರೀ ಚಿತ್ರ.

ಭಾಗ 3: ಬೀಸುವುದು ಬೇರೆ, ಮಾರುವುದು ಬೇರೆ

ಇದು ಈ ಕೈಪಿಡಿಯ ಮುಖ್ಯ ಭಾಗ. ಬಹಳ ಜನ ಇದನ್ನು ಹಾರಿಸಿ ಲೇಬಲ್ಲಿನ ಬಣ್ಣ ಆರಿಸಲು ಹೋಗುತ್ತಾರೆ.

ನಿಮ್ಮ ಅಜ್ಜ ಹಿಟ್ಟು ಮಾರಲಿಲ್ಲ. ಬೀಸಿ ಕೊಟ್ಟ, ಕೂಲಿ ತಗೊಂಡ. ಕಾಳು ಗಿರಾಕಿಯದು, ಆರಿಸಿದ್ದು ಅವಳು, ಕೇರಿದ್ದು ಅವಳು, ಕಲ್ಲುಹರಳು ತೆಗೆದದ್ದು ಅವಳು. ಡಬ್ಬಿ ತಲೆಯ ಮೇಲಿಟ್ಟು ತಂದು, ಸರತಿಯಲ್ಲಿ ಕೂತು, ತನ್ನ ಕಾಳು ಬಿದ್ದಾಗ ಎದ್ದು ನಿಂತು, ಬೀಳುವ ಹಿಟ್ಟಿಗೆ ಕೈಯೊಡ್ಡಿ ಬೆರಳಲ್ಲಿ ತಿಕ್ಕಿ ನೋಡಿದವಳು ಅವಳು. "ಏ ತಮ್ಮಾ, ಉರುಟ ಬರಾಕತ್ತೈತಿ ನೋಡೋ, ಕಲ್ಲ ಬಿಗಿ ಮಾಡು" ಎಂದವಳೂ ಅವಳೇ. "ಗೋದಿ ಬೀಸಿದ ಮ್ಯಾಲ ನನ್ನ ಜ್ವಾಳಾ ಹಾಕಬ್ಯಾಡ, ಅಕ್ಕಿ ಬೀಸೂತನಾ ಕುಂದರತೇನಿ" ಎಂದು ಹಟ ಹಿಡಿದವಳೂ ಅವಳೇ. ಆ ಸರತಿಯಲ್ಲಿ ಆಹಾರ ಸುರಕ್ಷತೆಯ ಇಡೀ ಇಲಾಖೆ ಸೆರಗು ಹೊದ್ದು ಕೂತಿರುತ್ತಿತ್ತು. ಅದಕ್ಕೆ ಸಂಬಳ ಇರಲಿಲ್ಲ, ರಜೆಯೂ ಇರಲಿಲ್ಲ.

ಈಗ ನೀವು ಕಾಳನ್ನು ನೀವೇ ಕೊಂಡು, ನೀವೇ ಬೀಸಿ, ಚೀಲದ ಬಾಯಿ ಹೊಲಿದು ಬೆಂಗಳೂರಿಗೆ ಕಳಿಸುತ್ತೀರಿ. ಅಲ್ಲಿ ಆ ಚೀಲ ಒಡೆಯುವ ಹೆಣ್ಣುಮಗಳು ನಿಮ್ಮ ಕಾಳು ಕಂಡಿಲ್ಲ, ಕಲ್ಲು ಕಂಡಿಲ್ಲ, ನಿಮ್ಮ ಮುಖವನ್ನೂ ಕಂಡಿಲ್ಲ. ಸರತಿಯಲ್ಲಿ ಅವಳ ಜಾಗ ಖಾಲಿಯಾಗಿದೆ. ಆ ಜಾಗಕ್ಕೆ ಬಂದು ಕೂತದ್ದೇ ಕಾಯಿದೆ. 1954ರ ಕಲಬೆರಕೆ ತಡೆ ಕಾಯಿದೆಯ ಬದಲಿಗೆ ಬಂದ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ. ಅದು 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಅದರ ಭಾಷೆ ಒರಟು, ಅದರ ಫಾರಮ್ಮು ಉದ್ದ. ಕೇಳುವುದು ಮಾತ್ರ ಸರತಿಯ ಹೆಂಗಸು ಕೇಳುತ್ತಿದ್ದುದನ್ನೇ.

ಎಚ್ಚರಿಕೆ: "ನಾ ಬರೇ ಬೀಸಿ ಕೊಡ್ತೇನ್ರಿ, ಮಾರೂದಿಲ್ಲ, ನನಗ್ಯಾಕ ಕಾಯಿದೆ" ಎಂದೂ ಹೇಳುವಂತಿಲ್ಲ. ಲಾಭಕ್ಕಿರಲಿ ಬಿಡಲಿ, ಆಹಾರ ತಯಾರಿಸುವ, ಸಂಸ್ಕರಿಸುವ, ಕಟ್ಟುವ, ಕೂಡಿಡುವ, ಸಾಗಿಸುವ ಯಾವ ಹಂತದ ಕೆಲಸವೂ ಆಹಾರ ವ್ಯವಹಾರವೇ ಎಂದು ಕಾಯಿದೆ ಹೇಳುತ್ತದೆ. ಬೀಸುವುದಕ್ಕೂ ನೋಂದಣಿ ಬೇಕು.

ಭಾಗ 4: ನೋಂದಣಿ ಮಾಡಿಸುವ ಕ್ರಮ

ಹಂತ 1. ನೀವು ಸಣ್ಣವರೋ ದೊಡ್ಡವರೋ ತೀರ್ಮಾನಿಸಿ. ಇದು ಮನೆತನದ ಪ್ರಶ್ನೆಯಲ್ಲ, ವಹಿವಾಟಿನದು. 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವ್ಯಾಪಾರವನ್ನು ಸಣ್ಣದು ಎಂದಿದ್ದವು. ಸಣ್ಣದಕ್ಕೆ ನೋಂದಣಿ ಸಾಕು, ಫಾರಂ ಎ, ಆಗ ವರ್ಷಕ್ಕೆ 100 ರೂಪಾಯಿ. ಮೇಲಾದರೆ ಲೈಸೆನ್ಸು. ಅದೇ ನಿಯಮ ಸಣ್ಣ ತಯಾರಕರಿಗೆ ದಿನಕ್ಕೆ 100 ಕಿಲೊ ಎಂಬ ಗೆರೆಯನ್ನೂ ಎಳೆದಿತ್ತು. 100 ಕಿಲೊ ಎಂದರೆ ಹತ್ತು ಅಶ್ವಶಕ್ತಿಯ ಗಿರಣಿಗೆ ಒಂದು ಮುಂಜಾನೆಯ ಕೆಲಸ. ಬರೆದವರು ಉಪ್ಪಿನಕಾಯಿ ನೆನೆದು ಬರೆದಿರಬೇಕು, ಹಿಟ್ಟು ನೆನೆದಲ್ಲ. ಇಂಥ ಮಿತಿಗಳನ್ನು ಆಗಾಗ ತಿದ್ದುತ್ತಾರೆ. ಅರ್ಜಿ ಹಾಕುವ ದಿನ ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಹಂತ 2. ಗುರುತಿನ ಚೀಟಿ, ಫೋಟೋ, ಗಿರಣಿಯ ವಿಳಾಸದ ದಾಖಲೆ ತೆಗೆದುಕೊಂಡು ಕಂಪ್ಯೂಟರ್ ಸೆಂಟರಿಗೆ ಹೋಗಿ. ಗಿರಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಅಲ್ಲಿಂದ ಶುರು ಮಾಡಿ. ಈ ಸೀಮೆಯಲ್ಲಿ ಆಹಾರ ಸುರಕ್ಷತೆಯ ದಾರಿಗೆ ಅಡ್ಡ ಬರುವುದು ಇಲಿಗಿಂತ ಹೆಚ್ಚಾಗಿ ಹಿಸ್ಸೆಯ ಜಗಳ.

ಹಂತ 3. ಅರ್ಜಿ ಬಂದ ಏಳು ದಿನಗಳಲ್ಲಿ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಹೇಳಬೇಕು. ನಿಯಮ ಅವರಿಗೂ ಇದೆ ಎಂಬುದು ತಿಳಿದಿದ್ದರೆ ಕಚೇರಿಯ ಬಾಗಿಲಲ್ಲಿ ನಿಲ್ಲುವಾಗ ಬೆನ್ನು ಸ್ವಲ್ಪ ನೆಟ್ಟಗಿರುತ್ತದೆ.

ಹಂತ 4. 14 ಅಂಕಿಯ ಸಂಖ್ಯೆ ಬರುತ್ತದೆ. ಮೊದಲ ಅಂಕಿ 2 ಇದ್ದರೆ ನೋಂದಣಿ, 1 ಇದ್ದರೆ ಲೈಸೆನ್ಸು. ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ. ಲಕ್ಷ್ಮಿಯ ಫೋಟೋದ ಹಿಂದೆ ಸಿಕ್ಕಿಸುವುದು ತೂಗುಹಾಕಿದಂತಲ್ಲ.

ಕಿತ್ತೂರು ಉತ್ಸವದಲ್ಲಿ ಮೂರು ದಿನ ಮಳಿಗೆ ಇಡುವವರೂ ಓದಿಕೊಳ್ಳಿ: ಹೊತ್ತು ಮಾರುವವರು, ತಾತ್ಕಾಲಿಕ ಮಳಿಗೆಯವರು, ಗುಡಿಕೈಗಾರಿಕೆಯವರು ಎಲ್ಲರೂ ನೋಂದಣಿಯ ಪಟ್ಟಿಯಲ್ಲಿದ್ದಾರೆ.

ಭಾಗ 5: ಕಾಳು ತುಂಬುವುದು

ಬೈಲಹೊಂಗಲದ ಮಾರುಕಟ್ಟೆಯಿಂದ ಜೋಳ, ಗೋದಿ ಕೊಳ್ಳುವಾಗ ಬೆಲೆ ಕೇಳುವ ಮೊದಲು ಒಂದು ಹಿಡಿ ಕೈಯಲ್ಲಿ ಹಿಡಿಯಿರಿ. ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆನ್ನಬೇಕು. ಮೆತ್ತಗೆ ಬಾಗಿದರೆ ನೀವು ಕಾಳಿನ ಜೊತೆ ನೀರನ್ನೂ ಕೊಳ್ಳುತ್ತಿದ್ದೀರಿ. ಗೋದಿ ಹಿಟ್ಟಿನಲ್ಲಿ ತೇವ ನೂರಕ್ಕೆ 14ಕ್ಕಿಂತ ಹೆಚ್ಚಿರಬಾರದು ಎಂದು ನಿಯಮವಿದೆ. ತೇವ ಹೆಚ್ಚಿದಲ್ಲಿ ಬೂಷ್ಟು, ಬೂಷ್ಟಿನ ಜೊತೆ ಅಫ್ಲಾಟಾಕ್ಸಿನ್ ಎಂಬ ವಿಷ. ಬೀಸಿದರೂ ಅದು ಹೋಗುವುದಿಲ್ಲ, ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಸುಗ್ಗಿಯಲ್ಲಿ ಮಳೆ ಹೊಡೆದು ಕಪ್ಪಾದ ಜೋಳ ಅಗ್ಗವಾಗಿ ಸಿಗುತ್ತದೆ. ಅಗ್ಗವಾದದ್ದು ಯಾಕೆಂದು ಕೇಳಿ.

ಹುಳ ಬೀಳದಂತೆ ದಾಸ್ತಾನಿಗೆ ಗುಳಿಗೆ ಹಾಕಿ ಮುಚ್ಚುವ ರೂಢಿಯಿದೆ. ಅಲ್ಯುಮಿನಿಯಂ ಫಾಸ್ಫೈಡ್ ಎಂಬ ಆ ಗುಳಿಗೆ ಗಾಳಿಯ ತೇವ ತಾಕಿದರೆ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಅದು ಹುಳಕ್ಕೂ ಮನುಷ್ಯನಿಗೂ ಭೇದ ಮಾಡುವುದಿಲ್ಲ. ಅದನ್ನು ತರಬೇತಿಯುಳ್ಳವರೇ ಬಳಸಬೇಕು. ಹಾಗೆ ಇಟ್ಟ ಕಾಳನ್ನು ಚೆನ್ನಾಗಿ ಗಾಳಿಗೆ ಬಿಟ್ಟ ಮೇಲೆಯೇ ಬೀಸಬೇಕು. ಕೆಂಪೋ ಗುಲಾಬಿಯೋ ಬಣ್ಣ ಬಳಿದ ಕಾಳು ಬಿತ್ತನೆಯದು, ಔಷಧ ಸವರಿದ್ದು. ಉಳಿಯಿತೆಂದು ಯಾರಾದರೂ ತಂದರೆ "ಇಲ್ಲಪಾ" ಎನ್ನಿ, ತಂದವರು ಬೀಗರಾದರೂ ಸರಿ.

ಕಡಲೆಹಿಟ್ಟು ಮಾಡುವವರಿಗೆ ಒಂದು ಮಾತು: ಕೇಸರಿಬೇಳೆಯನ್ನೂ ಅದರ ಹಿಟ್ಟನ್ನೂ ಮಾರುವುದಕ್ಕೆ ನಿಯಮದಲ್ಲಿ ನಿಷೇಧವಿದೆ. ಬಿಳಿಜೋಳ ಎಂದು ಹೇಳಿ ಗೋವಿನಜೋಳ ಬೆರೆಸಿದರೆ, ಗಿರಾಕಿ ಕೇಳಿದ ಪದಾರ್ಥ ಕೊಡಲಿಲ್ಲವೆಂದು ಸಣ್ಣ ವ್ಯಾಪಾರಿಗೂ 25,000 ರೂಪಾಯಿವರೆಗೆ ದಂಡ ಬೀಳಬಹುದು. ನೋಂದಣಿಯ ಸಣ್ಣತನ ಇಲ್ಲಿ ಅಷ್ಟರ ಮಟ್ಟಿಗೆ ನೆರವಾಗುತ್ತದೆ, ಲೈಸೆನ್ಸಿನವರಿಗೆ ಅದೇ ತಪ್ಪಿಗೆ 5 ಲಕ್ಷದವರೆಗೆ.

ಭಾಗ 6: ಕಲ್ಲು

ಕಲ್ಲಿನ ಹಿಟ್ಟು ಎಂದು ಮಾರುವವರು ಒಂದು ಸಂಗತಿ ಮರೆಯುತ್ತಾರೆ: ಕಲ್ಲಿನ ಹಿಟ್ಟಿನಲ್ಲಿ ಕಲ್ಲೂ ಇರಬಹುದು. ಬೀಸಿ ಬೀಸಿ ಮೊಂಡಾದ ಕಲ್ಲಿಗೆ ಉಳಿ ಸುತ್ತಿಗೆಯಿಂದ ಹೊಸದಾಗಿ ಹಲ್ಲು ಮಾಡಿಸಿದ ದಿನ, ಬಿಡಿಬಿಡಿಯಾಗಿ ನಿಂತ ಕಲ್ಲಿನ ಪುಡಿ ಮೊದಲ ಹಿಟ್ಟಿನ ಜೊತೆ ಇಳಿಯುತ್ತದೆ. ಅದಕ್ಕೇ ಹಳಬರು ಮೊದಲು ಒಂದಿಷ್ಟು ಹೊಟ್ಟೋ ನುಚ್ಚೋ ಹಾಕಿ ಬೀಸಿ ಚೆಲ್ಲುತ್ತಿದ್ದರು. ನೀವೂ ಹಾಗೇ ಮಾಡಿ. ಚೆಲ್ಲಲು ಮನಸ್ಸಾಗದೆ ಅದನ್ನೇ ಚೀಲದ ತಳಕ್ಕೆ ಸೇರಿಸಿದವರಿಗಾಗಿ ಪ್ರಯೋಗಾಲಯದಲ್ಲಿ ಒಂದು ಪರೀಕ್ಷೆ ಕಾದಿದೆ. ಹಿಟ್ಟನ್ನು ಸುಟ್ಟು ಬೂದಿ ಮಾಡುತ್ತಾರೆ. ಬೂದಿಯನ್ನು ಆಮ್ಲದಲ್ಲಿ ಕುದಿಸುತ್ತಾರೆ. ಕರಗದೆ ಉಳಿದದ್ದು ಮಣ್ಣು, ಮರಳು, ಕಲ್ಲು. ಗೋದಿ ಹಿಟ್ಟಿನಲ್ಲಿ ಒಟ್ಟು ಬೂದಿ ನೂರಕ್ಕೆ 2, ಅದರಲ್ಲಿ ಕರಗದೆ ಉಳಿಯುವ ಪಾಲು 0.15 ಮೀರಬಾರದು. ಒಂದು ಕಿಲೊ ಒಣ ಹಿಟ್ಟಿಗೆ ಒಂದೂವರೆ ಗ್ರಾಂ. ಅಷ್ಟು ಕಲ್ಲನ್ನು ಸರ್ಕಾರ ಸಹಿಸುತ್ತದೆ. ರೊಟ್ಟಿ ತಿನ್ನುವವನ ಹಲ್ಲು ಅಷ್ಟನ್ನೂ ಸಹಿಸುವುದಿಲ್ಲ.

ಕಾಳು ಸುರಿಯುವಲ್ಲಿ ಒಂದು ಬಲವಾದ ಅಯಸ್ಕಾಂತ ಕೂರಿಸಿ, ದಿನಾಲೂ ಒರೆಸಿ. ಮೊದಲ ವಾರ ಅದಕ್ಕೆ ಅಂಟಿದ ಮೊಳೆ, ತಂತಿ, ಟಾಚಣಿಗಳನ್ನು ನೋಡಿದ ಮೇಲೆ ಅದರ ಬೆಲೆಯ ಬಗ್ಗೆ ನೀವು ಮತ್ತೆ ಮಾತಾಡುವುದಿಲ್ಲ.

ಇಲಿಯ ಕೂದಲು, ಇಲಿಯ ಹಿಕ್ಕೆ ಗೋದಿ ಹಿಟ್ಟಿನಲ್ಲಿ ಇರಕೂಡದೆಂದು ನಿಯಮ ಹೆಸರಿಸಿಯೇ ಹೇಳಿದೆ. ಇಲ್ಲಿ ಶೇಕಡಾವಾರು ಇಲ್ಲ, ದಶಮಾಂಶವಿಲ್ಲ. ರಾತ್ರಿ ಗಿರಣಿ ಮುಚ್ಚುವಾಗ ಕಲ್ಲಿನ ಸುತ್ತ ಉಳಿದ ಹಿಟ್ಟು ಗುಡಿಸಿ. ಇಲಿಗೆ ನೀವು ದಿನಾಲೂ ಉಚಿತ ಊಟ ಹಾಕಿ, ಬೆಳಗ್ಗೆ ಅದನ್ನು ಬೈಯುವುದು ನ್ಯಾಯವಲ್ಲ.

ಭಾಗ 7: ಒಂದು ಕಲ್ಲು, ಹತ್ತು ಹಿಟ್ಟು

ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಬೇಕು. ಪಟ್ಟಣದಲ್ಲಿ ಈಗ ಗೋದಿ ತಿಂದರೆ ಆಗದವರು ಜೋಳ ಹುಡುಕಿಕೊಂಡು ಬರುತ್ತಾರೆ. ಅಳಿಯ ಕೂಡಲೇ "ಗ್ಲುಟೆನ್ ಫ್ರೀ ಅಂತ ಹಾಕೋಣು ಮಾವಾ" ಅನ್ನುತ್ತಾನೆ. ಹಾಗೆ ಹಾಕಬೇಕಾದರೆ ಕಿಲೊಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಕೂಡದು. ಈಗಷ್ಟೇ ಗೋದಿ ಬೀಸಿದ ಕಲ್ಲಿಗೆ ಜೋಳ ಸುರಿದರೆ ಅಷ್ಟೆಲ್ಲ ಮೊದಲ ಹಿಡಿಯಲ್ಲೇ ಬಂದುಬಿಡುತ್ತದೆ. ಇಂಥ ಹಿಟ್ಟು ತಿಂದರೆ ಕರುಳಿಗೆ ಪೆಟ್ಟು ಬೀಳುವ ರೋಗಿಗಳಿದ್ದಾರೆ. ಜೋಳಕ್ಕೆ ಬೇರೆ ಕಲ್ಲು, ಬೇರೆ ಜರಡಿ, ಬೇರೆ ಬಟ್ಟೆ ತೋಳು ಇಡಲಾಗದಿದ್ದರೆ ಆ ಮಾತನ್ನು ಬಿಡಿ. "ಗೋದಿ ಇರಬಹುದು" ಎಂದು ಬರೆಯಿರಿ. ಶೇಂಗಾದ ಪುಡಿ ಬೀಸುವ ಗಿರಣಿಯಾದರೆ ಶೇಂಗಾ ಇರಬಹುದು ಎಂದೂ ಬರೆಯಿರಿ. ಗೋದಿ ಬೀಸಿದ ಮೇಲೆ ಜೋಳ ಹಾಕಬೇಡ ಎಂದ ಮುದುಕಿಗೆ ಗ್ಲುಟೆನ್ನಿನ ಹೆಸರು ಗೊತ್ತಿರಲಿಲ್ಲ. ಗೋದಿ ಬೆರೆತರೆ ತನ್ನ ಹಿಟ್ಟು ತನ್ನದಲ್ಲ ಎಂಬುದು ಗೊತ್ತಿತ್ತು.

ಸವದತ್ತಿಯ ಕಡೆ ಗಿರಣಿಯಿದ್ದವರಿಗೆ: ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರ್ ಸಾಲುಗಟ್ಟಿ ಬರುತ್ತವೆ. ಹೋಳಿಗೆ, ಕಡಬಿಗೆ ಹಿಟ್ಟು ಬೇಕು, ಅರಿಸಿನದ ಭಂಡಾರವೂ ಬೇಕು. ಭಂಡಾರ ಹಣೆಗೆ, ಹಿಟ್ಟು ಹೊಟ್ಟೆಗೆ. ಪೂಜೆಗೆಂದು ಮಾರುವ ಪುಡಿಯನ್ನು ಯಾರೂ ತಿನ್ನುವ ಪದಾರ್ಥವೆಂದು ಪರೀಕ್ಷಿಸಿರುವುದಿಲ್ಲ. ಎರಡನ್ನೂ ಒಂದೇ ಯಂತ್ರಕ್ಕೆ ಹಾಕಬೇಡಿ. ಹಿಟ್ಟು ಹಳದಿಯಾದರೆ ಅದನ್ನು ತಾಯಿಯ ಪ್ರಸಾದವೆಂದು ಅಧಿಕಾರಿಗೆ ಹೇಳಲಾಗದು.

ರಾಮದುರ್ಗದ ಕಡೆ ಗಿರಣಿಯಿದ್ದವರಿಗೆ: ನೇಕಾರರ ಊರು. ಹಾಸಿನ ನೂಲು ಗಟ್ಟಿಯಾಗಲು ಗಂಜಿ ಹಚ್ಚಬೇಕು, ಗಂಜಿಗೆ ಹಿಟ್ಟು ಬೇಕು. ನೂಲಿಗೆ ಹೊಟ್ಟೆನೋವು ಬರುವುದಿಲ್ಲವಾದ್ದರಿಂದ ಹಳೆಯ ಹಿಟ್ಟು, ಗುಡಿಸಿದ ಹಿಟ್ಟು ಅಲ್ಲಿಗೆ ಆದೀತು. ಅದರ ಚೀಲಕ್ಕೆ "ತಿನ್ನಲು ಅಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ಬೇರೆ ಕೋಣೆಯಲ್ಲಿಡಿ. ಮಗ್ಗದ ಹಿಟ್ಟು ಒಲೆಯ ಕಡೆ ನಡೆದು ಬರಲು ಒಂದು ಅವಸರದ ಸಂಜೆ ಸಾಕು.

ಭಾಗ 8: ಆರಿಸುವುದು, ಕಟ್ಟುವುದು

ಕಲ್ಲಿನಿಂದ ಇಳಿದ ಹಿಟ್ಟು ಬಿಸಿಯಿರುತ್ತದೆ. ಬಿಸಿ ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಅಂಟಿಸಿದರೆ ಒಳಗೆ ಬೆವರು ಕಟ್ಟುತ್ತದೆ, ಬೆವರಿನಲ್ಲಿ ಬೂಷ್ಟು ಏಳುತ್ತದೆ. ಊರಿನ ಹೆಂಗಸು ಮನೆಗೆ ಹೋದ ಕೂಡಲೇ ಡಬ್ಬಿಯ ಮುಚ್ಚಳ ತೆಗೆದು ಹಿಟ್ಟು ಆರಹಾಕುತ್ತಿದ್ದಳು. ಅದೇ ಕೆಲಸಕ್ಕೆ ನೀವು ಸ್ವಚ್ಛವಾದ, ಮುಚ್ಚಿದ ಜಾಗ ಮಾಡಿ.

ಹಿಟ್ಟು ಎಷ್ಟು ದಿನ ಬಾಳುತ್ತದೆ? ಕಾಳಾಗಿ ಇದ್ದಾಗ ಜೋಳ ವರ್ಷಗಟ್ಟಲೆ ಇರುತ್ತದೆ. ಈ ಸೀಮೆಯ ಹಗೇವುಗಳಲ್ಲಿ ಜೋಳ ನೆಲದಡಿ ಮಲಗಿ ಬರಗಾಲ ದಾಟಿಸಿದೆ. ಬೀಸಿದ ಗಳಿಗೆಯಿಂದ ಲೆಕ್ಕ ಬೇರೆ. ಮೊಳಕೆಯ ಭಾಗದ ಎಣ್ಣೆ ಹೊರಬಂದು ಗಾಳಿ ತಾಕಿ ಕಮಟಾಗುತ್ತದೆ. ಪೂರ್ತಿ ಕಾಳನ್ನು ಹಾಗೇ ಬೀಸಿದ ಹಿಟ್ಟಿನ ಹೆಚ್ಚುಗಾರಿಕೆ ಏನಿದೆಯೋ, ಅದರ ಆಯುಷ್ಯ ಕಡಿಮೆಯಾಗುವುದಕ್ಕೂ ಅದೇ ಕಾರಣ. ಹಳತಾದ ಜೋಳದ ಹಿಟ್ಟಿನ ಜಿಗಿ ಹೋಗಿ, ತಟ್ಟಿದ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಮಾಲ್‌ನ ಮೈದಾ ಪಾಕೀಟು ನೋಡಿ ಅದರಂತೆಯೇ ತಿಂಗಳುಗಳ ದಿನಾಂಕ ಅಚ್ಚು ಹಾಕಿಸಬೇಡಿ. ನಿಮ್ಮ ಹಿಟ್ಟನ್ನೇ ಇಟ್ಟು, ವಾರಕ್ಕೊಮ್ಮೆ ರೊಟ್ಟಿ ಮಾಡಿಸಿ ನೋಡಿ. ಪ್ರಯೋಗಾಲಯದ ಪರೀಕ್ಷೆಯೂ ಆಗಲಿ, ತಾಟಿನ ಪರೀಕ್ಷೆಯೂ ಆಗಲಿ.

ಬೀಸುವವನ ಉಗುರು ಕತ್ತರಿಸಿರಬೇಕು, ಅಂಟುರೋಗ ಇರಬಾರದು. ಗಿರಣಿಯೊಳಗೆ ತಿನ್ನುವುದು, ಅಗಿಯುವುದು, ಸೇದುವುದು, ಉಗಿಯುವುದು ಕೂಡದು. ಅಗಿಯುವುದನ್ನು ಬಿಡಿಸುವುದು ನಿಮ್ಮ ಕೆಲಸಗಾರನಿಗಿಂತ ನಿಮಗೇ ಕಷ್ಟವಾದೀತು. ತಂಬಾಕಿನ ಚೀಟಿ ಹೊರಗಿಟ್ಟು ಒಳಗೆ ಬನ್ನಿ.

ಭಾಗ 9: ಲೇಬಲ್ಲು, ತೂಕ, ತೆರಿಗೆ

ಚೀಲದ ಮೇಲೆ ಇರಬೇಕಾದ್ದು: ಪದಾರ್ಥದ ಹೆಸರು, ಅದರಲ್ಲಿ ಏನಿದೆ, ನಿವ್ವಳ ತೂಕ, ನಿಮ್ಮ ಹೆಸರು ವಿಳಾಸ, 14 ಅಂಕಿ, ತಯಾರಿಸಿದ ಅಥವಾ ಕಟ್ಟಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು, ಬ್ಯಾಚು, ಗರಿಷ್ಠ ಬೆಲೆ, ದೂರು ಹೇಳಲು ಫೋನು, ಸಸ್ಯಾಹಾರದ ಹಸಿರು ಗುರುತು. ಅಜ್ಜನ ಫೋಟೋ ಇದರಲ್ಲಿ ಸೇರಿಲ್ಲ. ಜಾಗ ಉಳಿದರೆ ಹಾಕಿ.

ಕೇಂದ್ರದ ನಿಯಮ ಕೇಳುವುದು ಇಂಗ್ಲಿಷನ್ನು, ಇಲ್ಲವೇ ದೇವನಾಗರಿಯ ಹಿಂದಿಯನ್ನು. ಬೇರೆ ಭಾಷೆ ಜೊತೆಗಿರಬಹುದು ಎಂದಷ್ಟೇ ಅದರ ಔದಾರ್ಯ. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ ಕನ್ನಡವನ್ನೂ ಬಯಸುತ್ತದೆ. ಅಂತೂ ಬೈಲಹೊಂಗಲದ ಜೋಳ ಕನ್ನಡದಲ್ಲಿ ಬೆಳೆದು, ಚೀಲದೊಳಗೆ ಹೋಗುವಾಗ ಎರಡು ಭಾಷೆ ಕಲಿತಿರಬೇಕು.

ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಬೇಕು.

ತೆರಿಗೆಯ ಭಾಗವನ್ನು ನೀರು ಕುಡಿದು ಓದಿ. 2022ರ ಜುಲೈ 18ರಿಂದ, 25 ಕಿಲೊವರೆಗಿನ, ಮೊದಲೇ ಕಟ್ಟಿ ಲೇಬಲ್ ಹಚ್ಚಿದ ಹಿಟ್ಟಿಗೆ 5 ಶೇಕಡಾ ಜಿಎಸ್‌ಟಿ. ಬಿಡಿಯಾಗಿ ಅಳೆದು ಕೊಟ್ಟ ಅದೇ ಹಿಟ್ಟಿಗೆ ಇಲ್ಲ. 26 ಕಿಲೊದ ಚೀಲಕ್ಕೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೂ ಇಲ್ಲ. ಕಾಳಿಗೆ ಬಿಡಿಯಲ್ಲಿ ತೆರಿಗೆಯಿಲ್ಲ, ರೊಟ್ಟಿಗೆ ತೆರಿಗೆಯಿಲ್ಲ, ನಡುವೆ ಪಾಕೀಟಿನೊಳಗೆ ಕೂತ ಹೊತ್ತಿನಲ್ಲಿ ಮಾತ್ರ ಇದೆ. ವರ್ಷದ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿ ದಾಟದ ಸಣ್ಣವರು ಊರೊಳಗೆ ಮಾರಿಕೊಂಡಿದ್ದರೆ ಈ ತಲೆನೋವಿನಿಂದ ದೂರ. ಹೊರರಾಜ್ಯಕ್ಕೋ ಆನ್‌ಲೈನಿಗೋ ಹೊರಟರೆ ಮೊದಲು ಲೆಕ್ಕಪತ್ರದವರನ್ನು ಕೇಳಿ.

ಹೊಸ ಯಂತ್ರ ಬೇಕಾದರೆ 2020ರಲ್ಲಿ ಬಂದ ಕಿರು ಆಹಾರ ಉದ್ಯಮಗಳ ಪ್ರಧಾನಮಂತ್ರಿ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಯೋಜನಾ ವೆಚ್ಚದ 35 ಶೇಕಡಾ ಸಹಾಯಧನ ಕೊಟ್ಟಿದ್ದಾರೆ, 10 ಲಕ್ಷ ರೂಪಾಯಿಯವರೆಗೆ. ಈಗಲೂ ಇದೆಯೇ ಎಂದು ಕೇಳಿಕೊಳ್ಳಿ. ಬೆಳಗಾವಿ ಜಿಲ್ಲೆಯ ಹೆಸರಿಗೆ ಅಲ್ಲಿ ಬರೆದಿರುವುದು ಬೆಲ್ಲ. ಹಿಟ್ಟಿನವರು ಬೆಲ್ಲದವರ ಹಿಂದೆ ಸರತಿಯಲ್ಲಿ ನಿಲ್ಲಿ.

ಭಾಗ 10: ಸಾಹೇಬರು ಬಂದಾಗ

ಶಟರು ಎಳೆಯಬೇಡಿ. ಚಹಾ ತರಿಸುವ ಮೊದಲು ರಿಜಿಸ್ಟರು ತೆಗೆಯಿರಿ: ಕಾಳು ಯಾರಿಂದ ಬಂತು, ಯಾವ ದಿನ ಬೀಸಿತು, ಯಾವ ಬ್ಯಾಚು ಎಲ್ಲಿಗೆ ಹೋಯಿತು. ಒಂದು ಚೀಲದಲ್ಲಿ ದೋಷ ಕಂಡರೆ ಉಳಿದ ಚೀಲಗಳನ್ನು ವಾಪಸು ತರಿಸಲು ಇದೇ ದಾರಿ.

ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಯ ಹತ್ತಿರ. ನಾಲ್ಕನೆಯದನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ನಿಮ್ಮದು. ತೆಗೆದ ಹಿಟ್ಟಿಗೆ ಮಾರುವ ಬೆಲೆಯಂತೆ ದುಡ್ಡು ಕೊಡಬೇಕಾದವರು ಅವರು. "ಇರಲಿ ಬಿಡ್ರಿ ಸಾಹೇಬ್ರ" ಎಂದು ಕೈಮುಗಿದು ಬಿಟ್ಟುಕೊಡಬೇಡಿ, ತಗೊಂಡು ರಸೀದಿ ಕೊಡಿ. ವರದಿ 14 ದಿನಗಳಲ್ಲಿ ಬರಬೇಕು. ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ.

ದೋಷ ನಿವಾರಣೆ

ರೊಟ್ಟಿ ಕರಕರ ಅನ್ನುತ್ತಿದೆ: ಕಲ್ಲಿಗೆ ಹಲ್ಲು ಮಾಡಿಸಿದ ದಿನಾಂಕ ನೋಡಿ. ನಂತರ ಭಾಗ 6.

ರೊಟ್ಟಿ ಸೀಳುತ್ತಿದೆ: ಹಿಟ್ಟಿನ ದಿನಾಂಕ ನೋಡಿ. ದಿನಾಂಕ ಸರಿಯಿದ್ದರೆ ಎಸರು ನೋಡಿ. ಎಸರೂ ಸರಿಯಿದ್ದರೆ ತಟ್ಟುತ್ತಿರುವುದು ಅಳಿಯನೋ ನೋಡಿ.

ಹಿಟ್ಟಿನಲ್ಲಿ ಹುಳ: ಹುಳ ಚೀಲದಲ್ಲಿ ಹುಟ್ಟಿದ್ದಲ್ಲ, ಮೊಟ್ಟೆಯಾಗಿ ಗಿರಣಿಯಿಂದಲೇ ಬಂದದ್ದಿರಬಹುದು. ಜರಡಿ ಹಿಡಿದು ಮತ್ತೆ ಕಟ್ಟಿ ಮಾರುವುದು ನಿವಾರಣೆಯಲ್ಲ.

ಸಾಹೇಬರು ಬಂದಾಗಲೆಲ್ಲ ಎದೆ ಡವಡವ: ಕಾರಣ ನಿಮಗೆ ಗೊತ್ತಿರುತ್ತದೆ. ಈ ಕೈಪಿಡಿಯಲ್ಲಿ ಅದಕ್ಕೆ ಔಷಧವಿಲ್ಲ.

ವಾರಂಟಿ

ಈ ಕೈಪಿಡಿಗೆ ವಾರಂಟಿ ಇಲ್ಲ. ನಿಮ್ಮ ಹಿಟ್ಟಿಗೆ ಉಂಟು, ಅದನ್ನು ಕೊಡುವವರು ನೀವೇ.

ಕೊನೆಯ ಸೂಚನೆ, ಎಲ್ಲಕ್ಕಿಂತ ಮುಖ್ಯವಾದದ್ದು. ಚೀಲದ ವ್ಯಾಪಾರ ಎಷ್ಟೇ ಬೆಳೆಯಲಿ, ಮುಂಜಾನೆ ಊರವರ ಡಬ್ಬಿಗೆ ಬೀಸಿ ಕೊಡುವುದನ್ನು ನಿಲ್ಲಿಸಬೇಡಿ. ಕೂಲಿಯ ಲೆಕ್ಕದಲ್ಲಿ ಅದು ನಷ್ಟವೇ ಇರಬಹುದು. ಹಿಟ್ಟು ಕೆಟ್ಟರೆ ಬೆಂಗಳೂರಿನ ಗಿರಾಕಿ ಜಗಳಕ್ಕೆ ಬರುವುದಿಲ್ಲ. ಸುಮ್ಮನೆ ಬೇರೆ ಪಾಕೀಟು ಕೊಳ್ಳುತ್ತಾಳೆ, ನಿಮಗೆ ತಿಳಿಯುವ ಹೊತ್ತಿಗೆ ಆರು ತಿಂಗಳು ಕಳೆದಿರುತ್ತದೆ. ಊರಿನ ಮುದುಕಿ ಹಾಗಲ್ಲ, ಡಬ್ಬಿ ಸಮೇತ ಬಂದು ನಾಲ್ಕು ಮಂದಿಯ ಮುಂದೆ ಬೈಯುತ್ತಾಳೆ. ಪ್ರಯೋಗಾಲಯದ ವರದಿಗೆ 14 ದಿನ. ಅವಳ ವರದಿ ಮರುದಿನ ಬೆಳಗ್ಗೆಯೇ ಬರುತ್ತದೆ, ಅದಕ್ಕೆ ಶುಲ್ಕವಿಲ್ಲ, ಮೇಲ್ಮನವಿಯೂ ಇಲ್ಲ.